ಮೂರು ವರ್ಷದ ಡೀಪ್ ಫ್ರೀಜರ್: ಅವರೆಕಾಳು ಉಳಿಯಿತು, ಸೊಗಡು?

ನಾವು ಮೈಸೂರಿನವರು. ನೂರು ಲೀಟರಿನ, ಮೇಲೆ ಮುಚ್ಚಳ ಎತ್ತುವಂಥ ಡೀಪ್ ಫ್ರೀಜರ್ ತಂದು ಮೂರು ವರ್ಷ ಆಯಿತು. ತಂದಿದ್ದು ಅವರೆಕಾಯಿಗೋಸ್ಕರ, ಸುಳ್ಳು ಯಾಕೆ. ಡಿಸೆಂಬರ್, ಜನವರಿಯಲ್ಲಿ ದೇವರಾಜ ಮಾರ್ಕೆಟ್ ಕಡೆ ಹೋದರೆ ರಾಶಿ ರಾಶಿ ಇರುತ್ತೆ, ಶಿವರಾತ್ರಿ ಕಳೆದ ಮೇಲೆ ಹುಡುಕಿದರೂ ಒಳ್ಳೆ ಕಾಯಿ ಸಿಗಲ್ಲ.

ಮೊದಲ ವರ್ಷ ಪೆದ್ದು ಕೆಲಸ ಮಾಡಿದೆ. ಎರಡು ಕೆಜಿ ಕಾಳನ್ನು ಹಸಿಯಾಗೇ ಒಂದು ಕವರಿಗೆ ತುಂಬಿ ಒಳಗೆ ತಳ್ಳಿಬಿಟ್ಟೆ. ಏಪ್ರಿಲ್‌ನಲ್ಲಿ ತೆಗೆದರೆ ಇಟ್ಟಿಗೆ! ಗುಂಡುಕಲ್ಲಲ್ಲಿ ಒಡೆದು ಸಾರು ಮಾಡಿದರೆ ಒಣಹುಲ್ಲಿನ ವಾಸನೆ. ಮೈನಸ್ 18 ಡಿಗ್ರಿಯಲ್ಲೂ ಕಾಳಿನೊಳಗಿನ ಕಿಣ್ವಗಳು ಸುಮ್ನೆ ಕೂರಲ್ಲ, ನಿಧಾನಕ್ಕೆ ರುಚಿ, ಬಣ್ಣ ಎರಡನ್ನೂ ತಿನ್ನುತ್ತಾ ಹೋಗುತ್ತವೆ ಅಂತ ಆಮೇಲೆ ಗೊತ್ತಾಯಿತು.

ಈಗ ಕೊತಕೊತ ಕುದಿಯುವ ನೀರಿಗೆ ಹಾಕಿ ಮೂರು ನಿಮಿಷ, ತಕ್ಷಣ ಐಸ್ ನೀರಲ್ಲಿ ಅಷ್ಟೇ ಹೊತ್ತು. ಈ ಬಿಸಿನೀರಿಂದ ಇನ್ನೊಂದು ಲಾಭ, ರಾತ್ರಿಯೆಲ್ಲ ನೆನೆಸುವ ಗೋಜಿಲ್ಲ, ಹಿತುಕಿದರೆ ಪುಸಕ್ ಅಂತ ಬೇಳೆ ಹೊರಗೆ. ಬಟ್ಟೆ ಮೇಲೆ ಆರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರಕ್ಕೆ ಹರಡಿ ಒಳಗಿಟ್ಟರೆ ಸಂಜೆಗೆ ಗೋಲಿ ಥರ ಬಿಡಿಬಿಡಿ, ತಟ್ಟೆ ಅಲ್ಲಾಡಿಸಿದರೆ ಗಲಗಲ ಅನ್ನುತ್ತೆ. ಆಮೇಲೆ ಗಾಳಿ ಒತ್ತಿ ತೆಗೆದು ಕವರಿಗೆ. ರುಚಿ ಚೆನ್ನಾಗೇ ಇರುತ್ತೆ. ಸೊಗಡು ಮಾತ್ರ ಕೇಳಬೇಡಿ, ಅದಿರುವುದೇ ಕಾಯಿಯ ಹೊರಸಿಪ್ಪೆ ಮೇಲಿನ ಜಿಗುಟಿನಲ್ಲಿ ಅಲ್ವಾ, ಅದನ್ನು ಹಸುವಿಗೆ ಹಾಕಿಬಿಟ್ಟಿರುತ್ತೇವೆ.

ಬಟಾಣಿ ಸೂಪರ್, ಒಂದೂವರೆ ನಿಮಿಷ ಸಾಕು. ಹುರುಳಿಕಾಯಿ ಸಾಗುಗೆ ಪರವಾಗಿಲ್ಲ, ಪಲ್ಯಕ್ಕೆ ಬೇಡ. ಸೌತೆಕಾಯಿ ಅಂತೂ ಇಡಲೇಬೇಡಿ, ಒಳಗಿನ ನೀರು ಐಸ್ ಆಗಿ ಹಿಗ್ಗಿ ತಿರುಳನ್ನೆಲ್ಲ ಹರಿದುಹಾಕುತ್ತೆ, ಕರಗಿದ ಮೇಲೆ ಕೈಯಲ್ಲಿ ಒದ್ದೆ ಬಟ್ಟೆ.

ಮಷೀನಿನ ಬಗ್ಗೆ ಒಂದು ತಕರಾರಿದೆ. ಎರಡನೇ ವರ್ಷ ಮುಚ್ಚಳದ ರಬ್ಬರ್ ಒಂದು ಮೂಲೆಯಲ್ಲಿ ಸಡಿಲವಾಗಿ ಎರಡು ಬೆರಳು ದಪ್ಪ ಐಸ್ ಕಟ್ಟಿತು. ಸರ್ವೀಸಿನವರು ಹನ್ನೊಂದು ದಿನ ಬಿಟ್ಟು ಬಂದು 'ಸಾಮಾನು ಜಾಸ್ತಿ ತುಂಬಿದ್ದೀರಿ' ಅಂದು ಹೋದರು. ಕೊನೆಗೆ ರಬ್ಬರ್ ಬದಲಿಸಿದ್ದು ನಮ್ಮ ಬೀದಿಯ ಮೆಕ್ಯಾನಿಕ್. ಅಸಲಿಗೆ ಭರ್ತಿ ಇದ್ದರೇ ಒಳ್ಳೆಯದು, ಮುಚ್ಚಳ ತೆಗೆಯದಿದ್ದರೆ ಕರೆಂಟ್ ಹೋದರೂ ಸುಮಾರು ಎರಡು ದಿನ ತಡೆಯುತ್ತೆ, ಅರ್ಧ ಖಾಲಿ ಇದ್ದರೆ ಒಂದೇ ದಿನ. ಜಾಗ ಉಳಿದರೆ ನೀರಿನ ಬಾಟಲಿ ತುಂಬಿಸಿಡುತ್ತೇನೆ.

ಇಬ್ಬರೇ ಇರುವ ಮನೆಗೆ ಇದು ದಂಡ, ಫ್ರಿಜ್ಜಿನ ಮೇಲಿನ ಖಾನೆಯೇ ಸಾಕು. ನಮ್ಮದು ಏಳು ಜನರ ಮನೆ. ಈ ಸಲ ಹೊಸತೊಡಕಿಗೆ ಮಟನ್ ಸಾರಿಗೆ ಹಿತಕಬೇಳೆ ಬಿತ್ತು, ಕೊನೆಯ ಎರಡು ಕವರ್ ಅವತ್ತೇ ಖಾಲಿ.