ಸ್ಟಿಲ್ ಫೋಟೋಗೆ ಜರ್ಕ್ ಇಲ್ಲದ ಜೂಮ್: ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್ ಹೇಗಿದೆ?

ಯಾವುದೇ ಎಡಿಟಿಂಗ್ ಸಾಫ್ಟ್‌ವೇರ್ ಕೈಗೆ ಬಂದರೂ ನಾನು ಮೊದಲು ಮಾಡುವ ಕೆಲಸ ಒಂದೇ. ಒಂದು ಹಳೆಯ ಫೋಟೋ ಹಾಕಿ, 8 ಸೆಕೆಂಡಿನಲ್ಲಿ 100ರಿಂದ 105 ಪರ್ಸೆಂಟಿಗೆ ಜೂಮ್ ಕೊಟ್ಟು ನೋಡುತ್ತೇನೆ. ಜಾಸ್ತಿ ಜೂಮ್ ಕೊಟ್ಟರೆ ಯಾವ ಸಾಫ್ಟ್‌ವೇರ್ ಆದರೂ ಪಾಸ್ ಆಗುತ್ತದೆ. ಬಣ್ಣ ಬಯಲಾಗುವುದು ನಿಧಾನದ ಜೂಮ್‌ನಲ್ಲೇ.

ನನ್ನ ಕೆಲಸದಲ್ಲಿ ಬೇಕಾಗುವುದೂ ಅದೇ. ಷಷ್ಟಿಪೂರ್ತಿ, ಮದುವೆ, ವೈಕುಂಠ ಸಮಾರಾಧನೆ, ಎಲ್ಲಕ್ಕೂ ಈಗ ಫೋಟೋ ವಿಡಿಯೋ ಕೇಳುತ್ತಾರೆ. ತೀರಿಹೋದ ಅಜ್ಜಿಯ ಮುಖ ಕಲ್ಯಾಣ ಮಂಟಪದ ಎಲ್‌ಇಡಿ ಪರದೆ ಮೇಲೆ ಮೆಲ್ಲಗೆ ಹತ್ತಿರ ಬರಬೇಕು. ಅದು ಗಡಿಯಾರದ ಸೆಕೆಂಡ್ ಮುಳ್ಳಿನ ಹಾಗೆ ಟಕ್ ಟಕ್ ಅಂತ ಬಂದರೆ ಮನೆಯವರ ಗಮನ ಮುಖದ ಮೇಲೆ ನಿಲ್ಲುತ್ತದಾ? ಮೊದಲು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಹೀಗೇ ಆಗುತ್ತಿತ್ತು.

ಕಾರಣ ಸರಳ ಲೆಕ್ಕ. 1920 ಪಿಕ್ಸೆಲ್ ಅಗಲದ ಚಿತ್ರ 5 ಪರ್ಸೆಂಟ್ ಹಿಗ್ಗಿದರೆ ಒಂದೊಂದು ಅಂಚೂ 48 ಪಿಕ್ಸೆಲ್ ಸರಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಅಂದರೆ 8 ಸೆಕೆಂಡಿಗೆ 200 ಫ್ರೇಮ್. ಒಂದು ಫ್ರೇಮಿನ ಪಾಲಿಗೆ ಕಾಲು ಪಿಕ್ಸೆಲ್ ಕೂಡ ಬರುವುದಿಲ್ಲ. ಸಾಫ್ಟ್‌ವೇರ್ ಇದನ್ನು ಪೂರ್ಣ ಪಿಕ್ಸೆಲ್‌ಗೆ ರೌಂಡ್ ಮಾಡಿದರೆ ಚಿತ್ರ ಮೂರ್ನಾಲ್ಕು ಫ್ರೇಮ್ ನಿಂತು, ಒಮ್ಮೆಲೇ ಒಂದು ಪಿಕ್ಸೆಲ್ ಹಾರುತ್ತದೆ. ಅದೇ ಜರ್ಕ್. ಅಂಥ ಸಾಫ್ಟ್‌ವೇರೇ ಗತಿ ಅನ್ನುವವರು ಪ್ರಾಜೆಕ್ಟನ್ನು ದುಪ್ಪಟ್ಟು ಅಗಲದ 4ಕೆಯಲ್ಲಿ ಮಾಡಿ, ಕೊನೆಗೆ ಎಚ್‌ಡಿಗೆ ಇಳಿಸಿ. ಹಾರುವ ದೂರ ಅರ್ಧ ಆಗುತ್ತದೆ.

ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್‌ನವರ ಡಾವಿಂಚಿ ರಿಸಾಲ್ವ್ ನನ್ನ ಈ ಪರೀಕ್ಷೆಯಲ್ಲಿ ಗೆದ್ದಿದೆ. ಪಿಕ್ಸೆಲ್‌ನ ಭಾಗಗಳಲ್ಲೂ ಚಿತ್ರವನ್ನು ಸರಿಸುತ್ತದೆ. ಅದರ ಡೈನಾಮಿಕ್ ಜೂಮ್ ನನಗೆ ತುಂಬಾ ಇಷ್ಟ. ಇನ್‌ಸ್ಪೆಕ್ಟರಿನಲ್ಲಿ (ಸೆಟ್ಟಿಂಗ್ ಇರುವ ಭಾಗ) ಆನ್ ಮಾಡಿ, ವ್ಯೂವರ್ (ವಿಡಿಯೋ ಕಾಣುವ ಕಿಟಕಿ) ಕೆಳಗಿನ ಮೆನುವಿನಲ್ಲಿ ಅದನ್ನೇ ಆರಿಸಿದರೆ ಫೋಟೋ ಮೇಲೆ ಎರಡು ಚೌಕಟ್ಟು ಕಾಣುತ್ತವೆ. ಹಸಿರು ಶುರು, ಕೆಂಪು ಕೊನೆ. ಹಸಿರನ್ನು ಇಡೀ ಕುಟುಂಬದ ಗ್ರೂಪ್ ಫೋಟೋಗೆ ಬಿಡಿ, ಕೆಂಪನ್ನು ಅಜ್ಜಿಯ ಮುಖದ ಸುತ್ತ ಎಳೆಯಿರಿ. ಅಷ್ಟೇ. ಜೂಮ್‌ಗೊಂದು, ಪೊಸಿಷನ್‌ಗೊಂದು ಕೀಫ್ರೇಮ್ (ಚಲನೆಯ ಶುರು, ಕೊನೆಯ ಗುರುತು) ಹಾಕಿ ಎರಡನ್ನೂ ಹೊಂದಿಸುವ ತಲೆನೋವು ಇಲ್ಲ.

ಚಲನೆಯ ವೇಗ ಮೆಲ್ಲಗೆ ಏರಿಳಿಸುವ ಈಸ್ ಆಯ್ಕೆ ಮಾತ್ರ ಮರೆಯಬೇಡಿ. ಲೀನಿಯರ್ ಇಟ್ಟರೆ ಚಲನೆ ಗಕ್ಕನೆ ಶುರುವಾಗಿ ಗಕ್ಕನೆ ನಿಲ್ಲುತ್ತದೆ. ಜನ ಇದನ್ನೂ ಜರ್ಕ್ ಅಂತಲೇ ಕರೆಯುತ್ತಾರೆ. ‘ಈಸ್ ಇನ್ ಅಂಡ್ ಔಟ್’ ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ವಿಷಯ ಸಾಫ್ಟ್‌ವೇರ್ ತಾನಾಗಿ ಸರಿಮಾಡುವುದಿಲ್ಲ. ರೇಷ್ಮೆ ಸೀರೆಯ ಜರಿ ಅಂಚು ನೋಡಿ. 6000 ಪಿಕ್ಸೆಲ್ ಅಗಲದ ಕ್ಯಾಮೆರಾ ಫೋಟೋವನ್ನು ಹಾಗೇ 1920ರ ಟೈಮ್‌ಲೈನಿಗೆ ಹಾಕಿದರೆ, ಜೂಮ್ ಆಗುವಾಗ ಜರಿ ಚಿಟಚಿಟ ಮಿನುಗುತ್ತದೆ. ಹೆಂಚಿನ ಮಾಡು, ಚೌಕಳಿ ಅಂಗಿಯೂ ಹಾಗೇ. ಚಲನೆ ನಯವಾಗಿದ್ದರೂ ಕಣ್ಣಿಗೆ ನಡುಕದಂತೆ ಕಾಣುತ್ತದೆ. ಫೋಟೋವನ್ನು ಮೊದಲೇ 3000 ಪಿಕ್ಸೆಲ್ ಸುತ್ತಮುತ್ತ ಇಳಿಸಿಕೊಳ್ಳಿ. ಇಲ್ಲವೇ ಕಲರ್ ಪೇಜಿನಲ್ಲಿ ಬ್ಲರ್ ರೇಡಿಯಸ್ 0.50 ಇರುವುದನ್ನು 0.51, 0.52 ಮಾಡಿ. ಮುಖ ಮಸುಕಾಗುವುದಿಲ್ಲ, ಜರಿ ಸುಮ್ಮನಾಗುತ್ತದೆ.

ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು) ಶುರುವಿನಲ್ಲೇ ಗಟ್ಟಿ ಮಾಡಿಕೊಳ್ಳಿ. ಫೋಟೋ, ವಿಡಿಯೋ ತಂದು ಹಾಕಿದ ಮೇಲೆ ಪ್ರಾಜೆಕ್ಟಿನ ರೇಟ್ ಬದಲಿಸಲು ರಿಸಾಲ್ವ್ ಬಿಡುವುದಿಲ್ಲ. 25 ಫ್ರೇಮಿನ ವಿಡಿಯೋ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಪರದೆಯಲ್ಲಿ ಸಮನಾಗಿ ಕೂರುವುದಿಲ್ಲ. ಒಂದು ಫ್ರೇಮ್ ಎರಡು ಸಲ, ಮತ್ತೊಂದು ಮೂರು ಸಲ ಬರುತ್ತದೆ. ಬರೀ ಫೋಟೋಗಳ ವಿಡಿಯೋ ಆದರೆ, ಫೋನು ಕಂಪ್ಯೂಟರಿನಲ್ಲೇ ನೋಡುವುದಾದರೆ, 30 ಇಡಿ. ಇನ್ನೂ ನಯ ಬೇಕಾದರೆ 60.

ಎಡಿಟ್ ಮಾಡುವಾಗ ವ್ಯೂವರ್ ಮೇಲಿನ ಚುಕ್ಕೆ ಕೆಂಪಾಗಿದ್ದರೆ ಆಗ ಕಾಣುವ ಜರ್ಕ್ ನಂಬಬೇಡಿ. ಕಂಪ್ಯೂಟರ್ ಫ್ರೇಮ್ ಬಿಡುತ್ತಿದೆ ಅಂತ ಅರ್ಥ. ರೆಂಡರ್ ಮಾಡಿ, ಅಂದರೆ ಪೂರ್ತಿ ವಿಡಿಯೋ ಫೈಲ್ ತೆಗೆದು ನೋಡಿ.

ಬೆಲೆ ವಿಷಯಕ್ಕೆ ಬಂದರೆ, ಇಷ್ಟೆಲ್ಲ ಫ್ರೀ ವರ್ಷನ್‌ನಲ್ಲೇ ಸಿಗುತ್ತದೆ. 3840×2160ರವರೆಗೆ, 60 ಫ್ರೇಮಿನಲ್ಲಿ ಎಕ್ಸ್‌ಪೋರ್ಟ್ ಮಾಡಬಹುದು. ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ವರ್ಷನ್‌ನ ಎಫೆಕ್ಟ್ ಬಳಸದಿದ್ದರೆ ವಾಟರ್‌ಮಾರ್ಕ್ ಬರುವುದಿಲ್ಲ. ಫೋಟೋ ವಿಡಿಯೋಗೆ ಸ್ಟುಡಿಯೋ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ. ಆದರೆ ಸಾಫ್ಟ್‌ವೇರ್ ಭಾರ. 16 ಜಿಬಿ ರ‍್ಯಾಮ್, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಕೆಲಸ ಎಳೆಯುತ್ತದೆ. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಮುಗಿದ ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ ಅಲ್ವಾ? ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಅದು ಒತ್ತಿ ಚಿಕ್ಕದು ಮಾಡುತ್ತದೆ, ನಿಧಾನದ ಜೂಮ್‌ಗೇ ಮೊದಲ ಏಟು. ಡಾಕ್ಯುಮೆಂಟ್ ಆಗಿ ಕಳಿಸಿ. ಮಂಟಪದ ಪರದೆಯವರಿಗಂತೂ ಪೆನ್‌ಡ್ರೈವ್‌ನಲ್ಲೇ ಕೊಡಿ.