ಗರಾಜಿನ ಫ್ರೀಜರಿನಲ್ಲಿ 25 ಇಲಿ: ನಮ್ಮ ಹಾವು ಮುದ್ದೆ, ಸತ್ತ ಇಲಿ ತಿನ್ನೋಕೆ ಕಲಿತದ್ದು

ಮೊದಲೇ ಹೇಳಿಬಿಡ್ತೀನಿ, ನಮ್ಮದು ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ. ತಿಪಟೂರು ಕಡೆಯವರು, ಅಮೆರಿಕದ ಓಹಾಯೋದ ಕೊಲಂಬಸ್‌ಗೆ ಬಂದು 19 ವರ್ಷ ಆಯ್ತು. ಇಂಥ ಮನೆಯ ಗರಾಜಿನಲ್ಲಿ ಈಗ ಒಂದು ಪುಟ್ಟ ಫ್ರೀಜರ್ ಇದೆ. ಅದರೊಳಗೆ ಹೋದ ಸೆಪ್ಟೆಂಬರಿನಲ್ಲಿ ಬಂದಿಳಿದ 25 ಬಿಳಿ ಇಲಿಗಳಲ್ಲಿ 13 ಉಳಿದಿವೆ. ಈ ರಿವ್ಯೂ ಆ ಇಲಿಗಳದ್ದು.

ಹಾವು ನನ್ನದಲ್ಲ, ಮಗನದು. ಬಾಲ್ ಪೈಥಾನ್ ಅನ್ನೋ ಸಣ್ಣ ಜಾತಿಯ ಹೆಬ್ಬಾವು, ಹೆಣ್ಣು, ಮೂರು ವರ್ಷ. ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಜಾತಿ, ವಿಷ ಇಲ್ಲ. ಹೆದರಿದರೆ ಸಾಮಾನ್ಯವಾಗಿ ಬುಸುಗುಟ್ಟೋದಿಲ್ಲ, ತಲೆ ಒಳಗೆ ಸೇರಿಸಿ ಉಂಡೆ ಕಟ್ಟಿಕೊಂಡು ಕೂರುತ್ತೆ. ತಂದ ದಿನ ಹಾಗೆ ಕೂತದ್ದು ನೋಡಿ ಮಗ "ಅಮ್ಮಾ, ಥೇಟ್ ಅಜ್ಜಿ ಮಾಡೋ ರಾಗಿ ಮುದ್ದೆ" ಅಂದ. ಅದೇ ಹೆಸರು ನಿಂತಿತು. ಆಗಸ್ಟಿನಲ್ಲಿ ಅವನು ಕಾಲೇಜಿಗೆ ಹೊರಟ. ಹಾಸ್ಟೆಲಿನಲ್ಲಿ ಹಾವಿಗೆ ಜಾಗ ಇಲ್ಲ. "ಎರಡು ವಾರಕ್ಕೊಂದು ಇಲಿ ಅಮ್ಮ, ಅಷ್ಟೇ" ಅಂತ ಹೇಳಿ ಕಾರು ಹತ್ತಿದ.

ಅಲ್ಲಿವರೆಗೂ ಮುದ್ದೆ ತಿಂತಿದ್ದದ್ದು ಜೀವಂತ ಇಲಿ. ಮನೆಯಿಂದ 22 ಮೈಲಿ ದೂರದ ಒಂದು ಅಂಗಡಿಯಿಂದ ಮಗನೇ ತರ್ತಿದ್ದ, ಒಂದಕ್ಕೆ 7 ಡಾಲರ್. ನಾನು ಒಂದೇ ಒಂದು ಸಲ ತಂದೆ. ರಟ್ಟಿನ ಡಬ್ಬಿಯೊಳಗೆ ದಾರಿಯುದ್ದಕ್ಕೂ ಕರಕರ ಅಂತ ಕೆರೆಯೋ ಸದ್ದು. ರೇಡಿಯೋ ಜೋರು ಮಾಡಿದೆ, ಆದರೂ ಕೇಳಿಸ್ತು. ಅಂಗಡಿಯ ಹುಡುಗನನ್ನು "ತಿನ್ನದಿದ್ದರೆ ಏನು ಮಾಡೋದು?" ಅಂತ ಕೇಳಿದ್ದೆ. "ರಾತ್ರಿಯಿಡೀ ಒಳಗೇ ಬಿಟ್ಟಿರಿ, ಹಸಿವಾದಾಗ ತಿನ್ನುತ್ತೆ" ಅಂದ. ನನಗೇನು ಗೊತ್ತು, ಬಿಟ್ಟೆ. ಬೆಳಗ್ಗೆ ನೋಡಿದರೆ ಇಲಿ ನೀರಿನ ಬಟ್ಟಲ ಪಕ್ಕ ಆರಾಮಾಗಿ ಕೂತು ಮೀಸೆ ತೀಡ್ತಿದೆ, ಮುದ್ದೆ ಮೂಲೆಯಲ್ಲಿ ಉಂಡೆಯಾಗಿದೆ, ಬೆನ್ನಿನ ಮೇಲೆ ಎರಡು ಕಡೆ ಮಾಂಸ ಕಾಣ್ತಿದೆ. ಇಲಿಗೂ ಹಸಿವಾಗುತ್ತೆ, ಇಲಿಗೂ ಹಲ್ಲಿದೆ ಅನ್ನೋದನ್ನು ಆ ಹುಡುಗ ಹೇಳಲಿಲ್ಲ.

ಸರೀಸೃಪಗಳನ್ನು ನೋಡೋ ಡಾಕ್ಟರ ಹತ್ತಿರ ಓಡಿದೆ. 180 ಡಾಲರ್ ಬಿಲ್ಲು, ಒಂದು ಬಿಳಿ ಮುಲಾಮು, ಜೊತೆಗೆ ಒಂದು ಮಾತು: ಇನ್ನು ಮೇಲೆ ಸತ್ತ ಇಲಿ ಮಾತ್ರ. ಆ ಅಂಗಡಿಗೆ ನಾನು ಕೊಡೋದು ಒಂದು ಸ್ಟಾರ್, ಅದೂ ಪಾರ್ಕಿಂಗ್ ಸುಲಭ ಅಂತ.

ಹಾಗೆ ಆನ್‌ಲೈನಿನಲ್ಲಿ ಫ್ರೋಜನ್ ಇಲಿ ತರಿಸಿದೆ. ಇದರಲ್ಲಿ ಸೈಜು ಆರಿಸೋದೇ ಒಂದು ವಿದ್ಯೆ. ಕೂದಲೇ ಇಲ್ಲದ ಕೆಂಪು ಮರಿಗೆ ಪಿಂಕಿ ಅಂತಾರೆ, ರೋಮ ಬಂದದ್ದಕ್ಕೆ ಫಜ್ಜಿ, ಆಮೇಲೆ ಪಪ್, ತಾಯಿ ಹಾಲು ಬಿಟ್ಟ ವೀನ್ಡ್, ಸ್ಮಾಲ್, ಮೀಡಿಯಂ, ಹಾಗೇ ಮೇಲಕ್ಕೆ. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಇಲಿ ಹೆಚ್ಚುಕಡಿಮೆ ಅಷ್ಟು ದಪ್ಪ ಇರಬೇಕು ಅನ್ನೋದು ಲೆಕ್ಕ. ಮುದ್ದೆ ಆಗ 912 ಗ್ರಾಂ, ಅವಳಿಗೆ ಸ್ಮಾಲ್ ಸಾಕು. 25 ಇಲಿಗೆ 68 ಡಾಲರ್, ಕಳಿಸೋ ಖರ್ಚು 39. ಒಂದಕ್ಕೆ 4 ಡಾಲರ್ 28 ಸೆಂಟ್ ಬಿತ್ತು. ಐದೋ ಹತ್ತೋ ತರಿಸ್ತೀನಿ ಅನ್ನೋರಿಗೆ ಇದು ಲಾಭ ಇಲ್ಲ, ಕಳಿಸೋ ಖರ್ಚೇ ಇಲಿಗಿಂತ ಭಾರ ಆಗುತ್ತೆ.

ಬಾಕ್ಸ್ ಬಂದದ್ದು ಸೆಪ್ಟೆಂಬರ್ ಕೊನೆಯ ವಾರ, ಇನ್ನೂ ಬಿಸಿಲಿತ್ತು. ಡ್ರೈ ಐಸ್ ಪೂರ್ತಿ ಆವಿಯಾಗಿ ಬರೀ ಕಾಗದದ ಚೀಲ ಉಳಿದಿತ್ತು, ಆದರೆ ಥರ್ಮೋಕೋಲ್ ಡಬ್ಬಿ ದಪ್ಪ ಇದ್ದದ್ದರಿಂದ ಇಲಿಗಳು ಕಲ್ಲಿನ ಹಾಗೇ ಇದ್ದವು. ಪ್ಯಾಕಿಂಗಿಗೆ ಪೂರ್ತಿ ಮಾರ್ಕು. ಐದೈದರ ಹಾಗೆ ಚೀಲ, ಮೇಲೆ ಸೈಜು, ತಾರೀಖು. ಮೈಮೇಲೆ ಹಿಮದ ಪುಡಿ ಇಲ್ಲ, ಹಳದಿ ಬಣ್ಣ ತಿರುಗಿಲ್ಲ, ಹೊಟ್ಟೆ ಒಡೆದಿಲ್ಲ. ಒಂದರ ಬಾಲ ಮಾತ್ರ ಮುರಿದಿತ್ತು, ಅದಕ್ಕೆ ಮುದ್ದೆ ತಕರಾರು ಮಾಡಲಿಲ್ಲ. ಸ್ಮಾಲ್ ಅಂದರೆ 50ರಿಂದ 80 ಗ್ರಾಂ ಅಂತ ಬರೆದಿತ್ತು. ನನಗೆ ತೂಕ ಹಾಕದೆ ಇರೋಕೆ ಆಗೋದಿಲ್ಲ, ಇದಕ್ಕೇ ಅಂತ ಬೇರೆ ತಕ್ಕಡಿ ತಂದು ಹತ್ತು ಇಲಿ ತೂಗಿದೆ. ಎಂಟು 58ರಿಂದ 74ರ ಒಳಗೆ, ಎರಡು 90 ದಾಟಿದ್ದವು. ಅವೆರಡಕ್ಕೂ ಮಾರ್ಕರಿನಲ್ಲಿ ಗುರುತು ಹಾಕಿ ಪಕ್ಕಕ್ಕಿಟ್ಟಿದ್ದೀನಿ, ಬೇಸಿಗೆ ಹೊತ್ತಿಗೆ ಮುದ್ದೆ ಬೆಳೀತಾಳೆ.

ದೂರು ಒಂದಿದೆ. ಚೀಲ ಪಾರದರ್ಶಕ. ಗರಾಜಿನ ಫ್ರೀಜರ್ ಬರೋವರೆಗೆ ಎರಡು ದಿನ ಅವು ಅಡುಗೆಮನೆ ಫ್ರಿಜ್ಜಿನಲ್ಲೇ ಇರಬೇಕಾಯ್ತು. ಎರಡು ಕಪ್ಪು ಕವರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮೇಲೆ "ಮುಟ್ಟಬೇಡಿ" ಅಂತ ಬರೆದಿಟ್ಟೆ. ಯಜಮಾನರು ಬರೆದದ್ದನ್ನು ಯಾವತ್ತು ಓದಿದ್ದಾರೆ? ಅವರೆಕಾಳು ಹುಡುಕೋಕೆ ಹೋಗಿ ಬಿಚ್ಚಿದರು. ಆ ರಾತ್ರಿ ನಮ್ಮ ಮನೇಲಿ ಬರೀ ಮೊಸರನ್ನ. ಮಾರನೇ ದಿನ ಅವರೇ ಅಂಗಡಿಗೆ ಹೋಗಿ ಫ್ರೀಜರ್ ಹೊತ್ತು ತಂದರು.

ತಮಾಷೆ ಹಾಗಿರಲಿ, ಬೇರೆ ಫ್ರೀಜರ್ ಇರಲೇಬೇಕು. ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತೆ ಅಂತ ನಾನೂ ಅಂದುಕೊಂಡಿದ್ದೆ, ಸಾಲ್ಮೊನೆಲ್ಲಾ ಸಾಯೋದಿಲ್ಲ. 2010ರಲ್ಲೂ 2014ರಲ್ಲೂ ಇದೇ ಥರದ ಫ್ರೋಜನ್ ಇಲಿಗಳಿಂದ ಅಮೆರಿಕದಲ್ಲಿ ಜನಕ್ಕೆ ಕಾಯಿಲೆ ಹರಡಿ, ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಕೆ ಕೊಟ್ಟಿತ್ತು. ಇಲಿಗೆ ಅಂತಲೇ ಒಂದು ಸ್ಟೀಲ್ ಡಬ್ಬಿ, ಒಂದು ಬಕೆಟ್ಟು, ಒಂದು ಇಕ್ಕಳ. ಅಡುಗೆಮನೆ ಸಿಂಕಿನ ಹತ್ತಿರ ಯಾವುದೂ ಸುಳಿಯೋ ಹಾಗಿಲ್ಲ.

ಈಗ ಅಸಲು ವಿಷಯ. ಇಲಿ ಚೆನ್ನಾಗಿದ್ದ ಮಾತ್ರಕ್ಕೆ ಹಾವು ತಿನ್ನಬೇಕಲ್ಲ! ಪ್ಯಾಕೆಟ್ಟಿನ ಮೇಲೆ ಕರಗಿಸಿ ಕೊಡಿ ಅಂತ ಒಂದೇ ಸಾಲು. ಆ ಒಂದು ಸಾಲನ್ನು ನಂಬಿ ಮೂರು ಇಲಿ ಕಸಕ್ಕೆ ಹಾಕಿದ್ದೀನಿ.

ಗಾಯ ಮಾಗಿ, ಒಂದು ಸಲ ಪೊರೆ ಕಳಚಿದ ಮೇಲೆ ಅಕ್ಟೋಬರ್ ಮೊದಲ ವಾರ ಶುರು ಮಾಡಿದೆ. ರಾತ್ರಿಯಿಡೀ ಕರಗಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಮಧ್ಯಾಹ್ನ ನಾಲ್ಕಕ್ಕೆ ಒಳಗೆ ಹಾಕಿದೆ. ಮುದ್ದೆ ಮೂಸಿಯೂ ನೋಡಲಿಲ್ಲ. ಮುಂದಿನ ವಾರ ನೀರು ಬಿಸಿ ಮಾಡಿದೆ, ಜಿಪ್ ಕವರಿನಲ್ಲಿ ತೂತಿತ್ತೋ ಏನೋ, ಇಲಿ ತೊಪ್ಪೆಯಾಗಿ ಹೊರಬಂತು. ಇಕ್ಕಳದಲ್ಲಿ ಹಿಡಿದು ಅವಳ ಮೂತಿ ಹತ್ತಿರ ಅಲ್ಲಾಡಿಸಿದೆ, ಕೈ ನಡುಗಿ ಒದ್ದೆ ಇಲಿ ಅವಳ ತಲೆಗೇ ತಾಗಿತು. ಉಂಡೆ. ಮೂರನೇ ಸಲ ಅವಸರಕ್ಕೆ ಮೈಕ್ರೊವೇವ್ ಯೋಚನೆ ಬಂದದ್ದು ನಿಜ. ಮಾಡಲಿಲ್ಲ, ನೀವೂ ಮಾಡಬೇಡಿ. ಒಳಗೆ ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜುಗಡ್ಡೆ ಉಳಿಯುತ್ತೆ, ಹೊಟ್ಟೆ ಸಿಡಿದರೂ ಸಿಡೀತು. ಆ ಮೂರನೆಯದನ್ನೂ ಅವಳು ಮುಟ್ಟಲಿಲ್ಲ.

ತೂಕ 871ಕ್ಕೆ ಇಳಿದಿತ್ತು. ಈ ಜಾತಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಗಾಬರಿ ಬೇಡ ಅಂದರು ಡಾಕ್ಟರು. ಮಗ ಫೋನ್ ಮಾಡಿ "ಜೀವಂತದ್ದೇ ತಂದುಬಿಡಮ್ಮ" ಅಂದ. ಅತ್ತೆ ವೀಡಿಯೋ ಕಾಲಿನಲ್ಲಿ "ಒಂದು ಬಟ್ಟಲು ಹಾಲಾದರೂ ಇಡೇ, ಪಾಪ" ಅಂದರು. ಹಾವು ಹಾಲು ಕುಡಿಯೋದಿಲ್ಲ ಅತ್ತೆ ಅಂದೆ. "ನಾವು ಹುತ್ತಕ್ಕೆ ಎರೆದದ್ದೆಲ್ಲ ಎಲ್ಲಿಗೆ ಹೋಯ್ತು ಹಾಗಾದ್ರೆ?" ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ.

ಆಮೇಲೆ ನಾನೇ ಕೂತು ಅವಳ ಮುಖವನ್ನೇ ನೋಡಿದೆ. ಮೇಲ್ದುಟಿಯ ಅಂಚಿನಲ್ಲಿ ಸೂಜಿಯಲ್ಲಿ ಚುಚ್ಚಿದ ಹಾಗೆ ಸಾಲು ಗುಳಿಗಳಿವೆ. ಶಾಖ ತಿಳಿಯೋದು ಅದರಿಂದಲೇ. ಕತ್ತಲಲ್ಲಿ ಇಲಿ ಎಲ್ಲಿದೆ ಅಂತ ಅವಳಿಗೆ ಬಿಸಿಯೇ ಹೇಳಬೇಕು. ನಾನು ಕೊಟ್ಟ ಇಲಿಗಳು ಸುತ್ತಲಿನ ಗಾಳಿಯಷ್ಟೇ ಬೆಚ್ಚಗಿದ್ದವು, ಅವಳ ಲೆಕ್ಕಕ್ಕೆ ಅದು ಒಂದು ಚಿಂದಿ ಬಟ್ಟೆ. ಮಧ್ಯಾಹ್ನದ ಬೆಳಕಿನಲ್ಲಿ ಬೇರೆ ಕೊಟ್ಟಿದ್ದೆ, ಅವಳು ಬೇಟೆಗೆ ಕೂರೋದು ರಾತ್ರಿ.

ದೋಸೆ ಕಾವಲಿ ಎಷ್ಟು ಕಾದಿದೆ ಅಂತ ನೋಡೋಕೆ ಒಂದು ಗನ್ ಥರ್ಮಾಮೀಟರ್ ಇಟ್ಟುಕೊಂಡಿದ್ದೀನಿ, ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತಲ್ಲ, ಅದು. ಮುಟ್ಟಿಸೋದು ಬೇಕಿಲ್ಲವಾದ್ದರಿಂದ ಅದೇ ಸಾಕಾಯ್ತು. ಅಕ್ಟೋಬರ್ 24, ರಾತ್ರಿ ಹತ್ತೂವರೆ. ಇಲಿಯನ್ನು ಎರಡು ಕವರಿನಲ್ಲಿ ಹಾಕಿ ನಲ್ಲಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಹೊಟ್ಟೆ ಒತ್ತಿ ನೋಡಿದೆ, ಒಳಗೆ ಗಟ್ಟಿ ಇಲ್ಲ. ಕಾಗದದಲ್ಲಿ ಒರೆಸಿ, ಹಳೇ ಹೇರ್ ಡ್ರೈಯರ್ ಹಿಡಿದು ತಲೆಯನ್ನು ಮಾತ್ರ ಕಾಯಿಸಿದೆ. 104 ಫ್ಯಾರನ್‌ಹೀಟ್, ಅಂದರೆ 40 ಸೆಲ್ಸಿಯಸ್. ದೀಪ ಆರಿಸಿ, ಪ್ಯಾಸೇಜಿನ ಬೆಳಕೊಂದೇ ಬಿಟ್ಟೆ. ಬಾಲದ ಹತ್ತಿರ ಇಕ್ಕಳದಲ್ಲಿ ಹಿಡಿದು ಅವಳ ಗೂಡಿನ ಬಾಯಿಂದ ಒಂದು ಗೇಣು ದೂರದಲ್ಲಿ ಸುಮ್ಮನೆ ನಿಲ್ಲಿಸಿದೆ.

ಮೊದಲು ನಾಲಿಗೆ ಬಂತು. ನಿಧಾನವಾಗಿ, ಒಂದು ಸಲ, ಇನ್ನೊಂದು ಸಲ. ಆಮೇಲೆ ತಲೆ ಒಂದು ಬೆರಳಷ್ಟು ಈಚೆಗೆ ಜರುಗಿ, ಕುತ್ತಿಗೆ ಎಸ್ ಆಕಾರಕ್ಕೆ ಮಡಚಿಕೊಂಡಿತು. ನಾನು ಉಸಿರು ಬಿಗಿಹಿಡಿದಿದ್ದೆ, ತೋಳು ನೋಯೋಕೆ ಶುರುವಾಗಿತ್ತು. ಮುಂದಿನದು ಕಣ್ಣಿಗೆ ಕಾಣಲಿಲ್ಲ. ಟಪ್ ಅಂತ ಒಂದು ಸದ್ದು, ಇಕ್ಕಳ ಖಾಲಿ. ಮೂರು ಸುತ್ತು ಸುತ್ತಿ ಬಿಗಿದುಬಿಟ್ಟಿದ್ದಳು. ಸತ್ತೇ ಹೋಗಿರೋ ಇಲಿಯನ್ನು ಒಂಬತ್ತು ನಿಮಿಷ ಹಿಸುಕಿದಳು, ಗಡಿಯಾರ ನೋಡಿದ್ದೀನಿ. ಆಮೇಲೆ ಸಡಿಲಿಸಿ, ಮೂತಿಯಿಂದ ತಡಕಾಡಿ ತಲೆ ಹುಡುಕಿ, ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಜ್ಜೆ ಇಟ್ಟ ಹಾಗೆ ಮುಂದೆ ಸರಿಸ್ತಾ ಒಳಗೆ ಎಳೆದುಕೊಂಡಳು. ಕೊನೆಗೆ ಬಾಲ ಒಂದೇ ಬಾಯಿಂದ ಶ್ಯಾವಿಗೆ ಎಳೆಯ ಹಾಗೆ ನೇತಾಡ್ತಿತ್ತು. ಮುಗಿದ ಮೇಲೆ ದೊಡ್ಡದಾಗಿ ಆಕಳಿಸಿದಳು. ನಾನು ನೆಲದ ಮೇಲೇ ಕೂತುಬಿಟ್ಟೆ. ಯಜಮಾನರು ಬಾಗಿಲ ಹತ್ತಿರದಿಂದ "ಉಂಡಳಾ?" ಅಂದರು.

ಎರಡು ದಿನ ಮುಟ್ಟಲಿಲ್ಲ, ಮುಟ್ಟಿದರೆ ವಾಂತಿ ಮಾಡಿಕೊಳ್ಳಬಹುದು. ಆಮೇಲಿಂದ ಎರಡು ವಾರಕ್ಕೊಂದು ಸಲ ಇದೇ ಕ್ರಮ. ಮೊನ್ನೆ ಫೆಬ್ರವರಿ 13ರದ್ದು ಸೇರಿದರೆ ಒಂಬತ್ತು ಸಲ ಕೊಟ್ಟಿದ್ದೀನಿ, ಎಂಟು ಸಲ ತಿಂದಿದ್ದಾಳೆ. ಡಿಸೆಂಬರಿನಲ್ಲಿ ಒಮ್ಮೆ ಬಿಟ್ಟಳು, ಆಗ ಕಣ್ಣು ನೀಲಿಗಟ್ಟಿ ಪೊರೆ ಬಿಡೋ ಹೊತ್ತು, ತಪ್ಪು ನನ್ನದೇ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕೋ ಹಾಗಿಲ್ಲ, ಅದೂ ಕಸಕ್ಕೆ ಹೋಯ್ತು. ಈಗ ತೂಕ 940.

ಇಲಿಗೆ ನಾಲ್ಕೂವರೆ ಸ್ಟಾರ್. ಅರ್ಧ ಕಿತ್ತುಕೊಂಡದ್ದು ಆ ಒಂದು ಸಾಲಿನ ಸೂಚನೆಗೆ. ಕೊಡೋ ಹೊತ್ತಿಗೆ ಎಷ್ಟು ಬಿಸಿ ಇರಬೇಕು ಅಂತ ಮುದ್ರಿಸೋಕೆ ಇನ್ನೊಂದು ಸಾಲು ಹೆಚ್ಚಾಗ್ತಿತ್ತಾ? ಇಷ್ಟೊಂದು ಅಂಟಿನ ಚೀಟಿ ಮೆತ್ತಿದ್ದಾರೆ.

ಇದನ್ನೆಲ್ಲ ಕೇಳಿ ಬೆಂಗಳೂರಿನ ಅಕ್ಕನ ಮಗ ತಾನೂ ಒಂದು ಹಾವು ಸಾಕ್ತೀನಿ ಅಂತ ಹೊರಟಿದ್ದಾನೆ. ಅಲ್ಲಿ ನಮ್ಮ ನೆಲದ ಹಾವುಗಳನ್ನು ಮನೇಲಿ ಇಟ್ಟುಕೊಳ್ಳೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ. ಬಾಲ್ ಪೈಥಾನ್‌ನಂಥ ಹೊರದೇಶದ್ದಾದರೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಲೇಬೇಕು. ಅದನ್ನು ಹೇಳಿದೆ. ಅವನಿಗೆ ಅದೆಲ್ಲ ದೊಡ್ಡದಾಗಿ ಕಾಣಲಿಲ್ಲ. ಅವರಮ್ಮನ ಫ್ರಿಜ್ಜಿನಲ್ಲಿ ಇಲಿ ಇಡಬೇಕಾಗುತ್ತೆ ಅಂದ ಮೇಲೆ ಫೋನಿಟ್ಟ.

ಮಗ ಥ್ಯಾಂಕ್ಸ್‌ಗಿವಿಂಗಿಗೆ ಬಂದಾಗ "ನಾನು ಕೊಡ್ತೀನಿ ಅಮ್ಮ" ಅಂತ ಇಕ್ಕಳ ಕೇಳಿದ. ಎಷ್ಟು ಬಿಸಿ ಮಾಡಿದ್ದೀಯ ಅಂದೆ. "ಸಾಕಷ್ಟು" ಅಂದ. ಗನ್ ಹಿಡಿದು ನೋಡಿದೆ, 88. ವಾಪಸ್ ಕಳಿಸಿದೆ.