ಕೊಕ್ಕರೆಗೆ ಹಿಡಿಸಿದ ಕಾಗದ: ಹ್ಯಾಂಡ್‌ಮೇಡ್ ಪೇಪರ್ ಕಟ್ಟಿನ ವಿಮರ್ಶೆ

ಮಗಳೂ ನಾನೂ ಸೇರಿ 40 ಸೆಕೆಂಡಿನ ಸ್ಟಾಪ್ ಮೋಷನ್ ಚಿತ್ರ ಮಾಡಿದೆವು, ಅಂದರೆ ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೋ ತೆಗೆದು, ಸಾಲಾಗಿ ಓಡಿಸುವ ಚಿತ್ರ. ಕಾಗದದ ಕೊಕ್ಕರೆಯೊಂದು ಕೆರೆಗೆ ಇಳಿದು, ಮೀನಿಗೆ ಕಾದು, ಸಿಗದೆ ಹಾರಿಹೋಗುತ್ತದೆ, ಅಷ್ಟೇ ಕತೆ. ಈ ಕಟ್ಟನ್ನು ತರಿಸಿದ್ದು ಅದಕ್ಕೇ. ಎ4 ಅಳತೆಯ 20 ಹಾಳೆ, ಹತ್ತಿಬಟ್ಟೆಯ ಚಿಂದಿಯಿಂದ ಮಾಡಿದ್ದು. 10 ತೆಳು, 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ), 10 ದಪ್ಪ, 300 ಜಿಎಸ್‌ಎಂ. ಎರಡು ತಿಂಗಳು ಇದರೊಟ್ಟಿಗೆ ಕೂತ ಮೇಲೆ ಹೇಳುತ್ತಿದ್ದೇನೆ: ಹಿನ್ನೆಲೆಗೆ, ನೀರಿಗೆ, ಹಕ್ಕಿಯ ಮೈಗೆ ಧೈರ್ಯವಾಗಿ ತಗೊಳ್ಳಿ. ಕೀಲು ಬರುವ ಕಡೆ ಮಾತ್ರ ಬೇಡ.

ಮೊದಲ ದಿನ ಒಂದು ಹಾಳೆಯನ್ನು ಕ್ಯಾಮೆರಾ ಕೆಳಗಿಟ್ಟು ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಬಗ್ಗಿಸಿದೆ. ಮೇಲಿಂದ ಬೆಳಕು ಬಿದ್ದಾಗ ಬರೀ ಬಿಳಿ ಹಾಳೆ. ಓರೆಯಾಗಿ ಬಿದ್ದಾಗ ಒಂದೊಂದು ನಾರಿಗೂ ಕೂದಲೆಳೆಯಷ್ಟು ನೆರಳು. ಅಂಚು ಇನ್ನೂ ಚೆಂದ. ಒದ್ದೆ ಕುಂಚದಿಂದ ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹರಿದರೆ ನಾರು ಬಿಚ್ಚಿಕೊಂಡು ಪುಕ್ಕದ ಹಾಗೆ ನಿಲ್ಲುತ್ತದೆ. ಪ್ರತಿ ಫೋಟೋಗೂ ಬೆರಳು ತಾಗುವುದರಿಂದ ಆ ನಾರು ಚೂರುಚೂರೇ ಅಲುಗುತ್ತದೆ. ಚಿತ್ರ ಓಡಿಸಿ ನೋಡಿದರೆ ಸುಮ್ಮನೆ ನಿಂತ ಕೊಕ್ಕರೆಯೂ ಉಸಿರಾಡುತ್ತಿತ್ತು! ಕತ್ತರಿಯಲ್ಲಿ ಕತ್ತರಿಸಿದ ಅಂಚಿಗೆ ಈ ಜೀವ ಬರಲಿಲ್ಲ.

ಮಡಿಕೆಗೂ ಒಳ್ಳೆಯದು. ಗಿರಣಿ ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಸಾಲಾಗಿರುತ್ತದೆ, ಅಡ್ಡ ಮಡಚಿದರೆ ಬಿರುಕು ಬಿಡುತ್ತದೆ. ಇದರಲ್ಲಿ ನಾರು ಎಲ್ಲ ಕಡೆಗೂ ಹರಡಿದೆ.

ತೊಂದರೆ ಶುರುವಾದದ್ದು ಕುತ್ತಿಗೆಯಲ್ಲಿ. ಸೆಕೆಂಡಿಗೆ 12 ಫೋಟೋ ಎಂದು ಲೆಕ್ಕ ಹಾಕಿದ್ದೆವು, ಒಟ್ಟು 480. ರೆಕ್ಕೆ ಒಮ್ಮೆ ಬಡಿಯಲು 8. ಕುತ್ತಿಗೆಗೆ ಹಿಂದೆ ಎರಡು ಕಾಲು ಅಗಲಿಸುವ ಪುಟ್ಟ ಹಿತ್ತಾಳೆ ಪಿನ್ನು ಹಾಕಿದ್ದೆ. ಅರವತ್ತು ಸಲ ತಿರುಗಿಸುವಷ್ಟರಲ್ಲಿ ತೂತು ಅಗಲವಾಗಿ ತಲೆ ಜೋಲಿತು. ಬೇರೆ ಹಾಳೆಯಲ್ಲಿ ಹೊಸ ಕುತ್ತಿಗೆ ಕತ್ತರಿಸಿ ಮುಂದುವರಿಸಿದೆವು. ಓಡಿಸಿದಾಗ ಎದೆ ಧಸಕ್ ಎಂದಿತು: ಒಂದು ಫೋಟೋದಿಂದ ಇನ್ನೊಂದಕ್ಕೆ ಕುತ್ತಿಗೆಯ ಬಿಳುಪೇ ಬದಲು. ಆ ಭಾಗವನ್ನೆಲ್ಲ ಮತ್ತೆ ತೆಗೆದೆವು.

ಆಮೇಲೆ ದಪ್ಪ ಹಾಳೆಗಳನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 300 ಜಿಎಸ್‌ಎಂ ಎಂದಮೇಲೆ ಎ4 ಹಾಳೆಯೊಂದು ಸುಮಾರು 19 ಗ್ರಾಂ ಇರಬೇಕು. ಇಲ್ಲಿ 17ರಿಂದ 22ರವರೆಗೂ ಇತ್ತು. ಕೈಯಲ್ಲಿ ಮಾಡಿದ್ದು, ಅಷ್ಟು ಏರುಪೇರು ಸಹಜವೇ. ಆದರೆ ನೀವು ಯೋಜನೆ ಹಾಕುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದು ಪಾತ್ರದ ಎಲ್ಲ ಭಾಗ, ಜೊತೆಗೆ ಎರಡೆರಡು ಹೆಚ್ಚುವರಿ, ಒಂದೇ ಹಾಳೆಯಿಂದ ಮೊದಲೇ ಕತ್ತರಿಸಿಟ್ಟು ಹಿಂದೆ ಪೆನ್ಸಿಲಿನಲ್ಲಿ ಹಾಳೆಯ ನಂಬರ್ ಬರೆಯಿರಿ. ಕೀಲಿನ ಹಿಂಭಾಗಕ್ಕೆ ಸಾದಾ ರಟ್ಟಿನ ಬಿಲ್ಲೆ ಅಂಟಿಸಿ. 1920ರ ದಶಕದಲ್ಲಿ ಜರ್ಮನಿಯ ಆ್ಯನಿಮೇಷನ್ ನಿರ್ದೇಶಕಿ ಲೋಟೆ ರೈನಿಗರ್ ತಮ್ಮ ನೆರಳು ಗೊಂಬೆಗಳಿಗೆ ರಟ್ಟಿನ ಜೊತೆ ತೆಳು ಸೀಸದ ತಗಡು ಬಳಸಿ, ತಂತಿಯಲ್ಲಿ ಕೀಲು ಕಟ್ಟುತ್ತಿದ್ದರು. ಸೀಸ ವಿಷ, ಮಕ್ಕಳ ಕೈಗೆ ಬೇಡವೇ ಬೇಡ. ನಮಗೆ ರಟ್ಟೇ ಸಾಕಾಯಿತು. ಆಮೇಲೆ ಕುತ್ತಿಗೆ ಕೊನೆಯವರೆಗೂ ಬಾಳಿತು.

ತೇವಕ್ಕೆ ಈ ಕಾಗದ ಬಲು ಬೇಗ ಸೊಟ್ಟಗಾಗುತ್ತದೆ. ಒಂದು ರಾತ್ರಿ ದೃಶ್ಯವನ್ನು ಅರ್ಧಕ್ಕೆ ಬಿಟ್ಟು ಮಲಗಿದೆವು. ಬೆಳಿಗ್ಗೆ ಕೆರೆಯ ಅಂಚು ಮೇಲೆದ್ದು, ಹಿಂದಿನ ದಿನ ಇಲ್ಲದ ನೆರಳು ದಡದ ಮೇಲೆ ಬಿದ್ದಿತ್ತು. ಅಂದಿನಿಂದ ಹಿನ್ನೆಲೆಯನ್ನು ಸುತ್ತಲೂ ಟೇಪಿನಿಂದ ಹಲಗೆಗೆ ಬಿಗಿದು, ಒಂದು ದೃಶ್ಯವನ್ನು ಒಂದೇ ಸಲ ಕೂತು ಮುಗಿಸುತ್ತಿದ್ದೆವು. ಕಿಟಕಿ ಪರದೆ ಎಳೆದು ಕ್ಯಾಮೆರಾದ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಿಳಿಯ ಛಾಯೆ) ಎರಡನ್ನೂ ಲಾಕ್ ಮಾಡುವುದನ್ನು ಮರೆಯಬೇಡಿ. ಬಿಳಿ ಕಾಗದದಲ್ಲಿ ಬೆಳಕಿನ ಸಣ್ಣ ಏರಿಳಿತವೂ ಮಿಣುಕಾಗಿ ಕಾಣುತ್ತದೆ.

ಮಾರಿದವರ ಮೇಲೆ ಒಂದೇ ದೂರು. ಎಲ್ಲ ಕಟ್ಟುಗಳೂ ಒಂದೇ ಬಿಳುಪು ಎಂದು ವಿವರಣೆಯಲ್ಲಿ ಬರೆದಿದ್ದರು. ಎರಡನೇ ಕಟ್ಟು ಬಂದಾಗ ಅದು ಕೆನೆಬಣ್ಣ. ಬೇಕಾದಷ್ಟನ್ನು ಒಟ್ಟಿಗೇ ತರಿಸಿಕೊಳ್ಳಿ. ನಮ್ಮ ಕೆನೆಬಣ್ಣದ ಕಟ್ಟನ್ನು ಮುಂದಿನ ಚಿತ್ರಕ್ಕೆ ಎತ್ತಿಟ್ಟಿದ್ದೇವೆ. ಮಗಳು ಆಗಲೇ ಮೊದಲ ಹಾಳೆಯ ಮೇಲೆ ಆಮೆಯ ಚಿಪ್ಪು ಬರೆದಿದ್ದಾಳೆ, ಮೂಲೆಯಲ್ಲಿ ನಂಬರ್ 1 ಎಂದೂ ಹಾಕಿದ್ದಾಳೆ.